ಕೊಚ್ಚಿಯ ಕಡಲಿಗೆ ಬಿದ್ದ ಎಣ್ಣೆ, ಬೆಳಕವಾಡಿಗೆ ಬರುವ ಮಳೆ

2025ರ ಮೇ 24ರಂದು ಕೇರಳದಿಂದ ಎರಡು ಸುದ್ದಿಗಳು ಒಟ್ಟಿಗೇ ಬಂದವು. ಜೂನ್ 1ಕ್ಕೆ ಬರಬೇಕಿದ್ದ ಮುಂಗಾರು ಎಂಟು ದಿನ ಮೊದಲೇ ಕೇರಳವನ್ನು ಮುಟ್ಟಿದೆ ಎಂದು ಭಾರತೀಯ ಹವಾಮಾನ ಇಲಾಖೆ ಪ್ರಕಟಿಸಿತು. 2009ರ ಮೇ 23ರ ನಂತರ ಅದು ಇಷ್ಟು ಬೇಗ ಬಂದಿರಲಿಲ್ಲ. ಅದೇ ದಿನ ವಿಳಿಂಞಂನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ಎಂಬ ಸರಕು ಹಡಗು ಕೊಚ್ಚಿಯಿಂದ 38 ನಾಟಿಕಲ್ ಮೈಲಿ ದೂರದಲ್ಲಿ ವಾಲಿಕೊಂಡಿತು, ಮರುದಿನ ಮುಳುಗಿತು. ಅದರಲ್ಲಿ 640 ಕಂಟೇನರ್‌ಗಳಿದ್ದವು. ಟ್ಯಾಂಕುಗಳಲ್ಲಿ 84.44 ಟನ್ ಡೀಸೆಲ್, 367.1 ಟನ್ ಫರ್ನೇಸ್ ಆಯಿಲ್ ಇತ್ತು. ಎರಡು ವಾರ ಕಳೆದ ಮೇಲೆ, ಜೂನ್ 9ರಂದು, ಕಣ್ಣೂರಿನ ಆಚೆಯ ಕಡಲಲ್ಲಿ ವಾನ್ ಹೈ 503 ಎಂಬ ಇನ್ನೊಂದು ಹಡಗಿಗೆ ಬೆಂಕಿ ಬಿತ್ತು.

ಇತ್ತ ಮಂಡ್ಯ ಜಿಲ್ಲೆಯ ಮಳವಳ್ಳಿ ಸೀಮೆಯಲ್ಲಿ ಆ ವರ್ಷದ ಬೇಸಿಗೆ ಬೇಸಿಗೆಯಂತಿರಲಿಲ್ಲ. ದೇಶದಲ್ಲಿ ಮೇ ತಿಂಗಳ ಸರಾಸರಿ ಮಳೆ 126.7 ಮಿಲಿಮೀಟರ್ ಆಯಿತು. 1901ರಿಂದ ಇಟ್ಟ ಲೆಕ್ಕದಲ್ಲಿ ಯಾವ ಮೇ ತಿಂಗಳೂ ಅಷ್ಟು ಮಳೆ ಕಂಡಿರಲಿಲ್ಲ. ಜೂನ್ ಮುಗಿಯುವ ಮುನ್ನವೇ ಕಾವೇರಿಯ ಜಲಾಶಯ ಕೆಆರ್‌ಎಸ್ 124.80 ಅಡಿ ತುಂಬಿತು. ಕಟ್ಟೆ ಕಟ್ಟಿದ ಮೇಲೆ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು. ಇಷ್ಟೆಲ್ಲ ಒಂದೇ ಹಂಗಾಮಿನಲ್ಲಿ ನಡೆದಾಗ ಒಂದಕ್ಕೊಂದು ನಂಟಿದೆಯೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದೇ ಸೀಮೆಯ ಬೆಳಕವಾಡಿಯ ಕಡೆ ನನ್ನನ್ನು ಒಬ್ಬರು ಕೇಳಿದ್ದು ಹೀಗೆ: "ಅಲ್ಲ ಕಣಣ್ಣ, ಸಮುದ್ರದ ಮ್ಯಾಲೆ ಎಣ್ಣೆ ಹರಡ್ಕೊಂಡ್ರೆ ಆವಿ ಹೆಂಗೆ ಮೇಲಕ್ಕೆ ಹೋಯ್ತದೆ? ಮೋಡನೇ ಕಟ್ಟದಿದ್ರೆ ಮಳೆ ಎಲ್ಲಿಂದ ಬತ್ತದೆ?"

ಈ ಪ್ರಶ್ನೆಯನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ. ಇದರಲ್ಲಿರುವ ತರ್ಕ ನೆಟ್ಟಗಿದೆ. ಎಣ್ಣೆ ನೀರಿನ ಮೇಲೆ ಪದರ ಕಟ್ಟುವುದು ನಿಜ. ಪದರ ಆವಿಯನ್ನು ತಡೆಯಬಲ್ಲದು ಎಂಬುದೂ ನಿಜ. ನಮ್ಮ ಮುಂಗಾರಿಗೆ ಅರಬ್ಬಿ ಸಮುದ್ರದ ಆವಿ ಬೇಕೆಂಬುದೂ ನಿಜ. ಮೂರು ನಿಜಗಳನ್ನು ಜೋಡಿಸಿದ ಮೇಲೂ ಉತ್ತರ "ಇಲ್ಲ" ಎಂದೇ ಬರುತ್ತದೆ. ಯಾಕೆ ಎಂಬುದು ಅಳತೆ ಹಾಕಿದಾಗಷ್ಟೇ ತಿಳಿಯುತ್ತದೆ.

ಮೊದಲು ಎಣ್ಣೆಯ ಪದರ ನೀರಿಗೆ ಏನು ಮಾಡುತ್ತದೆಂದು ನೋಡೋಣ. ಕಡಲು ತನ್ನ ಮೇಲಿನ ಗಾಳಿಗೆ ಆವಿ ಕೊಡುತ್ತದೆ, ಬಿಸಿ ಕೊಡುತ್ತದೆ, ಅಲೆಗಳ ಒರಟಿನಿಂದ ಗಾಳಿಯ ಓಟಕ್ಕೆ ಸ್ವಲ್ಪ ತಡೆಯನ್ನೂ ಒಡ್ಡುತ್ತದೆ. ಎಣ್ಣೆ ಈ ಮೂರನ್ನೂ ಮುಟ್ಟುತ್ತದೆ. ಕಣ್ಣಿಗೆ ಬೇಗ ಕಾಣುವುದು ಕೊನೆಯದು. ತೆಳು ಪದರ ಬಿದ್ದ ಕೂಡಲೇ ಕಿರು ಅಲೆಗಳು ಅಡಗುತ್ತವೆ. ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲಿ ಲಂಡನ್ನಿನ ಕ್ಲ್ಯಾಪಮ್ ಕೊಳಕ್ಕೆ ಒಂದು ಟೀ ಚಮಚದಷ್ಟು ಎಣ್ಣೆ ಸುರಿದು, ಅರ್ಧ ಎಕರೆಯಷ್ಟು ನೀರು ನಯವಾದುದನ್ನು ಬರೆದಿಟ್ಟಿದ್ದಾನೆ. ಇಂದು ಉಪಗ್ರಹಗಳ ರಾಡಾರ್ ಕಡಲಿನ ಎಣ್ಣೆಯನ್ನು ಹುಡುಕುವುದು ಇದೇ ಗುಣದಿಂದ. ಒರಟು ನೀರು ರಾಡಾರ್ ಕಿರಣವನ್ನು ಹಿಂದಕ್ಕೆ ಚದುರಿಸಿ ಬೆಳ್ಳಗೆ ಕಾಣುತ್ತದೆ, ನಯವಾದ ಎಣ್ಣೆಯ ಜಾಗ ಕಪ್ಪು ಕಲೆಯಾಗಿ ಮೂಡುತ್ತದೆ.

ಬಿಸಿಯ ವಿಚಾರದಲ್ಲಿ ಹಲವರು ಹೇಳುವ ಮಾತೊಂದಿದೆ: ಎಣ್ಣೆ ಕಪ್ಪು, ಕಪ್ಪು ಬಣ್ಣ ಬಿಸಿಲು ಹೀರುತ್ತದೆ, ಹಾಗಾಗಿ ಸಮುದ್ರ ಕಾದು ಬೇಸಿಗೆ ಹೆಚ್ಚುತ್ತದೆ ಎಂಬುದು. ಆದರೆ ಆಳ ಸಮುದ್ರ ಮೊದಲೇ ಕಪ್ಪು. ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಅದು ತಾನಾಗಿಯೇ ನುಂಗುತ್ತದೆ. ಎಣ್ಣೆ ಬಂದು ಅದಕ್ಕೆ ಸೇರಿಸುವಂಥದ್ದು ಬಹಳ ಉಳಿದಿಲ್ಲ. ದಪ್ಪ ಪದರ ಹಗಲಿನಲ್ಲಿ ಸುತ್ತಲ ನೀರಿಗಿಂತ ಸ್ವಲ್ಪ ಬೆಚ್ಚಗಿರುತ್ತದೆ, ರಾತ್ರಿ ಸ್ವಲ್ಪ ತಂಪಾಗಿರುತ್ತದೆ. ಈ ವ್ಯತ್ಯಾಸ ವಿಮಾನದ ಉಷ್ಣ ಕ್ಯಾಮೆರಾಕ್ಕೆ ಸಿಗುತ್ತದೆ. ಒಂದು ಊರಿನ ಹವೆಯನ್ನು ಬದಲಿಸಲು ಅದು ಸಾಲದು.

ಇನ್ನು ಆವಿ. ಇಲ್ಲಿ ಪ್ರಶ್ನೆ ಕೇಳಿದವರ ಪಕ್ಷಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಆಸ್ಟ್ರೇಲಿಯಾದಲ್ಲಿ 1950ರ ದಶಕದಲ್ಲೇ ಜಲಾಶಯಗಳ ಮೇಲೆ ಸೆಟೈಲ್ ಆಲ್ಕೋಹಾಲ್ ಎಂಬ ಮೇಣದಂಥ ವಸ್ತುವನ್ನು ಹರಡಿ ನೀರು ಆವಿಯಾಗುವುದನ್ನು ತಗ್ಗಿಸುವ ಪ್ರಯೋಗ ನಡೆಯಿತು. ಮುಂದೆ ಭಾರತದ ಬರಪೀಡಿತ ಕಡೆಗಳ ಜಲಾಶಯಗಳಲ್ಲೂ ಅದನ್ನು ಮಾಡಿ ನೋಡಿದರು. ಅದರ ಅಣುಗಳು ನೀರಿನ ಮೇಲೆ ಒತ್ತೊತ್ತಾಗಿ ನೆಟ್ಟಗೆ ನಿಲ್ಲುತ್ತವೆ, ನಡುವೆ ಸಂದು ಬಿಡುವುದಿಲ್ಲ. ಅಂಥ ಹೇಳಿ ಮಾಡಿಸಿದ ಪದರ ಕೂಡ, ಗಾಳಿ ಕಡಿಮೆ ಇದ್ದಾಗ, ಉಳಿಸುತ್ತಿದ್ದುದು ಆವಿಯಾಗುವ ನೀರಿನ ಕಾಲು ಭಾಗದ ಆಸುಪಾಸು. ಗಾಳಿ ಬೀಸಿದರೆ ಪದರ ಹರಿದು ದಡಕ್ಕೆ ಸೇರುತ್ತಿತ್ತು, ಮತ್ತೆ ಮತ್ತೆ ಸುರಿಯಬೇಕಾಗುತ್ತಿತ್ತು. ನೆಲದಿಂದ ತೆಗೆದ ಎಣ್ಣೆಯೋ ನೂರಾರು ಬಗೆಯ ಅಣುಗಳ ಬೆರಕೆ. ಅವು ಹಾಗೆ ಒತ್ತಾಗಿ ನಿಲ್ಲಲಾರವು. ತೆಳುವಾಗಿ ಹರಡಿದ ಎಣ್ಣೆಯಲ್ಲಿ ನೀರಿನಾವಿ ನುಸುಳಿ ಬರುತ್ತದೆ. ಗಟ್ಟಿಯಾಗಿ ತಡೆಯಬೇಕಾದರೆ ಪದರ ದಪ್ಪಗಿರಬೇಕು. ದಪ್ಪಗಿದ್ದರೆ ಅದು ಆವರಿಸುವ ಜಾಗ ಕಿರಿದಾಗುತ್ತದೆ.

ಈ ದಪ್ಪದ ಅಂದಾಜು ಗದ್ದೆಯಲ್ಲೇ ಸಿಗುತ್ತದೆ. ಪಂಪ್‌ಸೆಟ್ಟಿನ ಡೀಸೆಲ್ ಒಂದು ತೊಟ್ಟು ನಿಂತ ನೀರಿಗೆ ಬಿದ್ದರೆ ಕಾಮನಬಿಲ್ಲಿನ ಬಣ್ಣ ಹರಡುತ್ತದಲ್ಲ, ಆ ಬಣ್ಣ ಕಾಣುವ ಕಡೆ ಪದರದ ದಪ್ಪ ಹೆಚ್ಚುಕಡಿಮೆ 0.3ರಿಂದ 5 ಮೈಕ್ರಾನ್ ಇರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಬೆಳ್ಳಿಯಂತೆ ಮಿರುಗುವ ಕಡೆ ಅದಕ್ಕಿಂತಲೂ ತೆಳು. ಎಣ್ಣೆಯ ನಿಜವಾದ ಕಂದು, ಕಪ್ಪು ಬಣ್ಣ ಕಾಣಬೇಕಾದರೆ 50 ಮೈಕ್ರಾನ್ ದಾಟಬೇಕು. ಕರಾವಳಿ ಕಾವಲು ಪಡೆಯ ವಿಮಾನಗಳಲ್ಲಿ ಕೂತವರು ಬಣ್ಣ ನೋಡಿಯೇ ಕೆಳಗೆ ಎಷ್ಟು ಎಣ್ಣೆ ಇದೆ ಎಂದು ಅಂದಾಜಿಸುವುದು ಈ ಪಟ್ಟಿಯ ಮೇಲೆ.

ಈಗ ಲೆಕ್ಕ ಮಾಡೋಣ. ಒಂದು ಘನ ಮೀಟರ್ ಎಣ್ಣೆಯನ್ನು ಒಂದು ಮೈಕ್ರಾನ್ ದಪ್ಪಕ್ಕೆ ಹರಡಿದರೆ ಸರಿಯಾಗಿ ಒಂದು ಚದರ ಕಿಲೋಮೀಟರ್ ತುಂಬುತ್ತದೆ. ಎಲ್ಸಾದಲ್ಲಿದ್ದ ಡೀಸೆಲ್, ಫರ್ನೇಸ್ ಆಯಿಲ್ ಎರಡೂ ಸೇರಿ ಸುಮಾರು 480 ಘನ ಮೀಟರ್. ಅಷ್ಟೂ ಒಮ್ಮೆಗೇ ಹೊರಬಂತು, ಒಂದೇ ಸಮನೆ ಹರಡಿತು ಎಂದುಕೊಳ್ಳೋಣ. ನಿಜದಲ್ಲಿ ಹಾಗಾಗಲಿಲ್ಲ, ದೊಡ್ಡ ಪಾಲು ಮುಳುಗಿದ ಹಡಗಿನ ಟ್ಯಾಂಕುಗಳಲ್ಲೇ ಉಳಿದಿತ್ತು. ಆದರೂ ಅತಿ ಕೆಟ್ಟದ್ದನ್ನೇ ಹಿಡಿಯೋಣ. 480 ಚದರ ಕಿಲೋಮೀಟರ್ ಆಯಿತು. ಮಂಡ್ಯ ಜಿಲ್ಲೆಯ ವಿಸ್ತೀರ್ಣ ಸುಮಾರು 4,960 ಚದರ ಕಿಲೋಮೀಟರ್. ಅಂದರೆ ಜಿಲ್ಲೆಯ ಹತ್ತನೇ ಒಂದು ಭಾಗದಷ್ಟು. ಅರಬ್ಬಿ ಸಮುದ್ರ 38 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಅದರಲ್ಲಿ ಎಂಟು ಸಾವಿರದಲ್ಲಿ ಒಂದು ಪಾಲು.

ಮಂಡ್ಯದವರಿಗೆ ನೀರಿನ ಲೆಕ್ಕ ಟಿಎಂಸಿಯಲ್ಲಿ ಹೇಳಿದರೇ ತಟ್ಟುವುದು, ಹಾಗೇ ಹೇಳುತ್ತೇನೆ. ಬೆಚ್ಚನೆಯ ಕಡಲಿನಿಂದ ದಿನಕ್ಕೆ ಸುಮಾರು 4 ಮಿಲಿಮೀಟರ್ ನೀರು ಆವಿಯಾಗುತ್ತದೆಂದು ಇಟ್ಟುಕೊಂಡರೆ, ಇಡೀ ಅರಬ್ಬಿ ಸಮುದ್ರದಿಂದ ಒಂದು ದಿನಕ್ಕೆ ಮೇಲೇರುವ ನೀರು ಸುಮಾರು 540 ಟಿಎಂಸಿ. ಕೆಆರ್‌ಎಸ್ ತುಂಬಿದಾಗ ಹಿಡಿಯುವುದು 49.45 ಟಿಎಂಸಿ. ಪ್ರತಿದಿನ ಸುಮಾರು ಹನ್ನೊಂದು ಕೆಆರ್‌ಎಸ್‌ಗಳಷ್ಟು ನೀರು ಆವಿಯಾಗಿ ಹೊರಡುತ್ತದೆ. ಎಲ್ಸಾದ ಎಣ್ಣೆ ತಾನು ಮುಚ್ಚಿದ ಜಾಗದಲ್ಲಿ ಒಂದು ಹನಿ ಆವಿಯನ್ನೂ ಬಿಡದೆ ತಡೆಯಿತು ಎಂದರೂ ದಿನಕ್ಕೆ ನಿಲ್ಲಿಸಬಹುದಾಗಿದ್ದುದು ಒಂದು ಟಿಎಂಸಿಯ ಹದಿನೈದನೇ ಒಂದು ಭಾಗ. ಐನೂರ ನಲವತ್ತರ ಮುಂದೆ ಹದಿನೈದನೇ ಒಂದು ಭಾಗ! ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ನನಗೆ ಬೇರೆ ವಾದ ಬೇಕೆನಿಸಲಿಲ್ಲ. ಆದರೂ ಕಾಲದ ಮಾತು ಉಳಿದಿದೆ.

ಎಣ್ಣೆ ಕಡಲಿನ ಮೇಲೆ ಎಷ್ಟು ದಿನ ಇರುತ್ತದೆ? ಡೀಸೆಲ್ಲಿನಂಥ ಹಗುರ ಎಣ್ಣೆಯ ಬಹುಪಾಲು ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ. ಭಾರದ ಎಣ್ಣೆ ಅಲೆಯ ಬಡಿತಕ್ಕೆ ನೀರಿನೊಂದಿಗೆ ಕಡೆದುಕೊಂಡು ಕಂದು ಬಣ್ಣದ ಮುದ್ದೆಯಾಗುತ್ತದೆ. ಮುದ್ದೆ ಒಡೆದು, ಬಿಸಿಲಿಗೆ ಗಟ್ಟಿಯಾಗಿ, ಡಾಂಬರಿನ ಉಂಡೆಗಳಾಗಿ ದಡಕ್ಕೆ ಬರುತ್ತದೆ. ಉಳಿದದ್ದನ್ನು ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳು ನಿಧಾನಕ್ಕೆ ಕರಗಿಸುತ್ತವೆ. ಉಂಡೆಯಾದ ಎಣ್ಣೆ ಪದರವಲ್ಲ, ಅದು ಆವಿಗೆ ಅಡ್ಡ ಬರುವುದೇ ಇಲ್ಲ. ಗೋವಾದಿಂದ ಕಾರವಾರದವರೆಗಿನ ಕಡಲತೀರದವರು ಮುಂಗಾರಿನ ಹೊಸ್ತಿಲಲ್ಲಿ ಇಂಥ ಡಾಂಬರು ಉಂಡೆಗಳನ್ನು ಮತ್ತೆ ಮತ್ತೆ ಕಂಡಿದ್ದಾರೆ. ಕಡಲಲ್ಲಿ ಹೋಗುವ ಹಡಗುಗಳು ಬಿಟ್ಟ ತ್ಯಾಜ್ಯ ಎಣ್ಣೆ, ಪಡುವಣ ಗಾಳಿ ತಿರುಗಿದ ಮೇಲೆ, ಹೀಗೆ ದಡ ಸೇರುತ್ತದೆ.

ಕರ್ನಾಟಕದ ಕಡಲಲ್ಲೇ ನಡೆದ ಒಂದು ಪ್ರಕರಣ ಈ ಮಾತಿಗೆ ಸರಿಯಾಗಿ ಹೊಂದುತ್ತದೆ. 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಆಚೆಯ ಬಂಡೆಗಳಿಗೆ ಬಡಿದು ಸಿಕ್ಕಿಕೊಂಡಿತು. ಅದರಲ್ಲಿ ಆರುನೂರಕ್ಕೂ ಹೆಚ್ಚು ಟನ್ ಇಂಧನ ತೈಲವಿತ್ತು. ಮುಂಗಾರು ಅದಾಗಲೇ ಮೇ 26ರಂದು ಕೇರಳಕ್ಕೆ ಬಂದಿತ್ತು, ಕಡಲು ಕೆರಳಿತ್ತು. ಸೋರಿದ ಎಣ್ಣೆ ಕಾರವಾರದ ದಡಕ್ಕೂ ದಕ್ಷಿಣ ಗೋವಾದ ತೀರಗಳಿಗೂ ಹೋಗಿ ಬಿತ್ತು. ಅಲೆ ಎತ್ತರವಾಗಿದ್ದರಿಂದ ತೇಲುಬೇಲಿ ಕಟ್ಟಿ ಎಣ್ಣೆಯನ್ನು ಸುತ್ತುವರಿಯುವ ಕೆಲಸ ಕಷ್ಟವಾಯಿತು. ಮಳೆಗಾಲದ ಗಾಳಿ ಗಂಟೆಗೆ ಮೂವತ್ತೈದು ನಲವತ್ತು ಕಿಲೋಮೀಟರ್ ವೇಗದಲ್ಲಿ ಬೀಸುವ ಕಡಲಿನಲ್ಲಿ ತೆಳು ಪದರ ಉಳಿಯುವುದಿಲ್ಲ, ಅಲೆಯ ತಲೆ ಒಡೆದಾಗಲೆಲ್ಲ ಎಣ್ಣೆ ಹನಿಹನಿಯಾಗಿ ನೀರಿನೊಳಗೆ ಇಳಿಯುತ್ತದೆ. ಅಂದರೆ ಮುಂಗಾರಿಗೆ ಆವಿ ಬೇಕಾದ ಹೊತ್ತಿನಲ್ಲೇ, ಆ ಮುಂಗಾರಿನ ಗಾಳಿಯೇ ಎಣ್ಣೆಯ ಹೊದಿಕೆಯನ್ನು ಹರಿದು ಹಾಕುತ್ತದೆ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಮುಳುಗಿದ ಪ್ರಿನ್ಸೆಸ್ ಮಿರಾಲ್ ಹಡಗಿನಲ್ಲೂ ಇನ್ನೂರಕ್ಕೂ ಹೆಚ್ಚು ಟನ್ ಇಂಧನವಿತ್ತು. ಆಗಲೂ ಜನರ ಭಯ ಇದ್ದುದು ದಡದ ಬಗ್ಗೆ, ಮೀನಿನ ಬಗ್ಗೆ. ಅದು ಸರಿಯಾದ ಭಯ.

ಹಾಗಾದರೆ ಬೆಳಕವಾಡಿಗೆ ಮಳೆ ತರುವ ಆವಿ ಎಲ್ಲಿಂದ ಬರುತ್ತದೆ? ಕಡಲು ನಮಗೆ ದೂರವಲ್ಲ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಕೋಳಿಕ್ಕೋಡ್ ತೀರ ಇನ್ನೂರು ಕಿಲೋಮೀಟರಿಗೂ ಒಳಗೇ ಇದೆ. ಆದರೆ ಮುಂಗಾರಿನ ಆವಿ ಆ ದಡದಲ್ಲಿ ಹುಟ್ಟುವುದಿಲ್ಲ. ಸಮಭಾಜಕದ ತೆಂಕಣ ಹಿಂದೂ ಮಹಾಸಾಗರದಲ್ಲಿ ಹೊರಟ ಗಾಳಿ ಮಡಗಾಸ್ಕರ್ ಕಡೆಯಿಂದ ಆಫ್ರಿಕಾದ ಪೂರ್ವ ದಡವನ್ನು ತಬ್ಬಿಕೊಂಡು ಬಂದು, ಸೊಮಾಲಿಯಾದ ಬಳಿ ಬಲಕ್ಕೆ ಹೊರಳಿ, ನಮ್ಮ ಕಡೆ ನುಗ್ಗುತ್ತದೆ. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹರಿಯುವ ಈ ಗಾಳಿಯ ಹೊಳೆಗೆ, ಅದನ್ನು 1960ರ ದಶಕದ ಕೊನೆಯಲ್ಲಿ ವಿವರಿಸಿದ ಫೈಂಡ್‌ಲೇಟರ್ ಅವರ ಹೆಸರೇ ಇದೆ. ದಾರಿಯುದ್ದಕ್ಕೂ ಸಾವಿರಾರು ಕಿಲೋಮೀಟರ್ ಕಡಲಿನಿಂದ ಅದು ಆವಿ ಹೀರುತ್ತಾ ಬರುತ್ತದೆ. ದಾರಿಯ ಕೊನೆಯಲ್ಲಿ ಎಲ್ಲೋ ಹತ್ತಾರು ಕಿಲೋಮೀಟರ್ ಎಣ್ಣೆ ಇದ್ದರೆ ಗಾಳಿ ಅದನ್ನು ಒಂದೆರಡು ಗಂಟೆಯಲ್ಲಿ ದಾಟಿ ಹೋಗುತ್ತದೆ.

ಇನ್ನೊಂದು ಮಾತು, ಇದು ಮಳವಳ್ಳಿ, ಮದ್ದೂರಿನವರಿಗೆ ಅನುಭವದಿಂದಲೇ ಗೊತ್ತು. ಪಡುವಣ ಗಾಳಿ ತಂದ ನೀರನ್ನು ಕೊಡಗು, ವಯನಾಡಿನ ಬೆಟ್ಟಗಳು ಮೊದಲೇ ಇಳಿಸಿಕೊಳ್ಳುತ್ತವೆ. ನಾವು ಮಳೆಯ ನೆರಳಿನಲ್ಲಿದ್ದೇವೆ. ಜಿಲ್ಲೆಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಜುಲೈನಲ್ಲಿ ಆಕಾಶ ಮುಚ್ಚಿಕೊಂಡಿದ್ದರೂ ಬೀಳುವುದು ತುಂತುರು. ಗಗನಚುಕ್ಕಿ, ಭರಚುಕ್ಕಿ ಜಲಪಾತಗಳಲ್ಲಿ ಆಗ ಧುಮುಕುವುದು ಕೊಡಗಿನ ಮಳೆ, ನಮ್ಮದಲ್ಲ. ನಮ್ಮ ಹೊಲಕ್ಕೆ ಬೀಳುವ ಮಳೆಯಲ್ಲಿ ಒಂದು ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನದು. ಇನ್ನೊಂದು ಪಾಲು ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗಿ ಬರುವ ಭರಣಿ, ಕೃತ್ತಿಕೆಯ ಮಳೆ.

ಈ ಬೇಸಿಗೆ ಮಳೆಯ ಹುಟ್ಟು ಬೇರೆಯೇ. ಹಗಲೆಲ್ಲ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏರುತ್ತದೆ. ಅದೇ ಹೊತ್ತಿಗೆ ಒಳನಾಡಿನ ಒಣಗಾಳಿಯೂ ಕಡಲ ಕಡೆಯ ತೇವದ ಗಾಳಿಯೂ ತೆಂಕಣ ಪ್ರಸ್ಥಭೂಮಿಯ ಮೇಲೆ ಒಂದು ಉದ್ದನೆಯ ಗೆರೆಯಲ್ಲಿ ಎದುರುಬದುರಾಗುತ್ತವೆ. ಆ ಗೆರೆ ನಮ್ಮ ಮೇಲೆ ಬಂದ ದಿನ ಮೋಡ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಬೆಳೆದು ಸಂಜೆಗೆ ಸುರಿಯುತ್ತದೆ. ಗೆರೆ ಸರಿದ ದಿನ ಸೆಕೆ ಮಾತ್ರ ಉಳಿಯುತ್ತದೆ. ಬೆಳಕವಾಡಿಯಲ್ಲಿ ಹುಯ್ದು ಮಳವಳ್ಳಿಯಲ್ಲಿ ಧೂಳೇಳುವುದು ಇದರಿಂದಲೇ. ಇಷ್ಟು ಚಂಚಲವಾದ ಮಳೆಗೆ ಕಡಲಿನ ಯಾವುದೋ ಮೂಲೆಯ ಎಣ್ಣೆಯನ್ನು ಹೊಣೆ ಮಾಡಲು ದಾರಿಯೇ ಇಲ್ಲ.

2025ರ ಮೇ ತಿಂಗಳ ವಿಷಯಕ್ಕೆ ಬಂದರೆ, ದಿನಾಂಕಗಳೇ ಸಾಕು. ಮೇ 13ಕ್ಕೇ ಮುಂಗಾರು ಅಂಡಮಾನ್ ಸಮುದ್ರ ತಲುಪಿತ್ತು. ಎಲ್ಸಾ ವಾಲುವ ಹೊತ್ತಿಗೆ ಕೊಂಕಣದ ಆಚೆ ವಾಯುಭಾರ ಕುಸಿತ ಎದ್ದು ರತ್ನಗಿರಿಯ ಕಡೆ ದಡ ದಾಟುತ್ತಿತ್ತು. ಸಮಭಾಜಕದ ಗುಂಟ ಮೂಡಣಕ್ಕೆ ಸಾಗುವ, ಮ್ಯಾಡನ್-ಜೂಲಿಯನ್ ಎಂಬ ಹೆಸರಿನ ಮೋಡಗಳ ದೊಡ್ಡ ಅಲೆಯೂ ಆ ದಿನಗಳಲ್ಲಿ ಮಳೆಗೆ ಅನುಕೂಲವಾಗಿತ್ತು. ಮಳೆಯ ಏರ್ಪಾಡು ಹಡಗು ಮುಳುಗುವ ಮೊದಲೇ ಮುಗಿದಿತ್ತು.

"ಇದು ಸಣ್ಣ ಹಡಗು, ದೊಡ್ಡ ಸೋರಿಕೆಯಾದರೆ?" ಎಂಬ ಮರುಪ್ರಶ್ನೆ ನ್ಯಾಯವಾದದ್ದೇ. ಲೋಕದಲ್ಲಿ ಅದರ ಪರೀಕ್ಷೆಯೂ ಆಗಿದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಣ್ಣೆಬಾವಿಯ ವೇದಿಕೆ ಸ್ಫೋಟಗೊಂಡು ಹನ್ನೊಂದು ಮಂದಿ ಸತ್ತರು. ಜುಲೈ 15ರಂದು ಬಾವಿಯ ಬಾಯಿ ಮುಚ್ಚುವವರೆಗೆ, ಅಮೆರಿಕ ಸರ್ಕಾರದ ಅಂದಾಜಿನಂತೆ, 49 ಲಕ್ಷ ಬ್ಯಾರೆಲ್ ಎಣ್ಣೆ ಹೊರಬಂತು. ಆ ಬೇಸಿಗೆಯಲ್ಲಿ ಅಲ್ಲಿಯೂ ಜನ ಇದನ್ನೇ ಕೇಳಿದರು: ಎಣ್ಣೆ ಬಿಸಿಲನ್ನು ಹಿಡಿದಿಟ್ಟು ಚಂಡಮಾರುತವನ್ನು ಬಲಗೊಳಿಸುತ್ತದೆಯೇ, ಅಥವಾ ಆವಿಯನ್ನು ತಡೆದು ಅಡಗಿಸುತ್ತದೆಯೇ? ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ ಕೊಟ್ಟ ಉತ್ತರ, ಎರಡೂ ಗಣನೆಗೆ ಬರುವಷ್ಟು ಆಗಲಾರದು ಎಂಬುದು. ಚಂಡಮಾರುತದ ಹರವು ಇನ್ನೂರು ಮುನ್ನೂರು ಮೈಲಿ, ಅದರ ಗಾಳಿಯೇ ಎಣ್ಣೆಯನ್ನು ಕಲಸಿ ಒಡೆದುಬಿಡುತ್ತದೆ. ಮುಂದೆ ಉಪಗ್ರಹ ಚಿತ್ರಗಳನ್ನು ಅಳೆದವರು ದಿನವೊಂದಕ್ಕೆ ಸರಾಸರಿ 11,200 ಚದರ ಕಿಲೋಮೀಟರ್ ನೀರಿನ ಮೇಲೆ ಎಣ್ಣೆ ಇತ್ತೆಂದು ಕಂಡುಕೊಂಡರು. ಅದು ಎರಡು ಮಂಡ್ಯ ಜಿಲ್ಲೆಗಳಿಗಿಂತ ಹೆಚ್ಚು. ಆದರೂ ಕೊಲ್ಲಿಯ ನೂರರಲ್ಲಿ ಒಂದು ಪಾಲಿಗೆ ಬರಲಿಲ್ಲ. ಆ ವರ್ಷ ಅಟ್ಲಾಂಟಿಕ್‌ನಲ್ಲಿ ಹೆಸರಿಟ್ಟ 19 ಬಿರುಗಾಳಿಗಳು ಎದ್ದವು, ಅವುಗಳಲ್ಲಿ 12 ಚಂಡಮಾರುತಗಳಾದವು. ಎಣ್ಣೆ ಅವನ್ನು ತಡೆಯಲಿಲ್ಲ. ಬದಲಿಗೆ ಜೂನ್ ಕೊನೆಯಲ್ಲಿ ಬಂದ ಅಲೆಕ್ಸ್ ಚಂಡಮಾರುತವೇ ಎಣ್ಣೆ ತೆಗೆಯುವ ದೋಣಿಗಳ ಕೆಲಸವನ್ನು ನಿಲ್ಲಿಸಿತು.

ಹೀಗೆಂದು ಚೆಲ್ಲಿದ ಎಣ್ಣೆ ಗಾಳಿಗೆ ಏನೂ ಮಾಡಲಿಲ್ಲವೆಂದಲ್ಲ. ಆ ಜೂನ್‌ನಲ್ಲಿ ಕೊಲ್ಲಿಯ ಮೇಲೆ ಹಾರಿದ ನೋವಾ ವಿಮಾನದವರು, ಎಣ್ಣೆಯಿಂದ ಆರಿದ ಅನಿಲಗಳು ಗಾಳಿ ಬೀಸುವ ದಿಕ್ಕಿನಲ್ಲಿ ಸಣ್ಣ ಕಣಗಳಾಗಿ ಮಾರ್ಪಟ್ಟು ತೇಲುವುದನ್ನು ಕಂಡರು. ಉಸಿರಾಟಕ್ಕೆ ಅದು ಕೆಟ್ಟದ್ದು. ಮಳೆ, ಬಿಸಿಲನ್ನು ಬದಲಿಸುವಷ್ಟು ಅದು ಇರಲಿಲ್ಲ.

ಎಣ್ಣೆ ಹವೆಯನ್ನು ನಿಜಕ್ಕೂ ಬದಲಿಸಿದ ಒಂದು ಬೇಸಿಗೆಯಿದೆ. ಅದು 1991ರದು. ಮಂಡ್ಯದವರಿಗೆ ಆ ವರ್ಷ ನೆನಪಿರುವುದು ಜೂನ್ 25ರಂದು ಹೊರಬಿದ್ದ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶಕ್ಕಾಗಿ. ಅದೇ ವರ್ಷದ ಆರಂಭದಲ್ಲಿ, ಕುವೈತ್ ಯುದ್ಧದಲ್ಲಿ, ಪರ್ಷಿಯಾ ಕೊಲ್ಲಿಗೆ ಲಕ್ಷಾಂತರ ಬ್ಯಾರೆಲ್ ಎಣ್ಣೆ ಹರಿಸಲಾಯಿತು. ಆರುನೂರಕ್ಕೂ ಹೆಚ್ಚು ಎಣ್ಣೆಬಾವಿಗಳಿಗೆ ಬೆಂಕಿ ಇಡಲಾಯಿತು. ಕೊನೆಯ ಬಾವಿ ಆರಿದ್ದು ನವೆಂಬರ್ 6ಕ್ಕೆ. ಹೊಗೆ ಮೇಲಕ್ಕೇರಿ ವರ್ಷಗಟ್ಟಲೆ ನಿಂತರೆ ಬಿಸಿಲು ತಗ್ಗಿ ಭಾರತದ ಮುಂಗಾರೂ ಬೆಳೆಯೂ ಕೆಡಬಹುದೆಂದು ಕಾರ್ಲ್ ಸೇಗನ್ ಮೊದಲಾದ ವಿಜ್ಞಾನಿಗಳು ಎಚ್ಚರಿಸಿದ್ದರು. ಕುವೈತಿನಲ್ಲಿ ದುಡಿಯುತ್ತಿದ್ದ ಎಷ್ಟೋ ಕನ್ನಡ, ತುಳು ಮನೆಗಳವರು ಹಿಂದಿನ ವರ್ಷವೇ ಬರಿಗೈಯಲ್ಲಿ ಊರಿಗೆ ಮರಳಿದ್ದರಿಂದ, ಆ ಬೆಂಕಿ ನಮಗೆ ತೀರ ಪರದೇಶದ್ದೂ ಆಗಿರಲಿಲ್ಲ.

ಆದದ್ದೇನು? ಹೊಗೆ ದಟ್ಟವಾಗಿದ್ದ ಕಡೆ ಹಗಲೇ ಕತ್ತಲಾಯಿತು, ಕೊಲ್ಲಿಯಲ್ಲಿ ಹಗಲಿನ ಬಿಸಿ ಹಲವು ಡಿಗ್ರಿ ಇಳಿಯಿತು. ಅದು ಒಂದು ಪ್ರದೇಶದ ಬೇಸಿಗೆಯ ಮೇಲೆ ಎಣ್ಣೆ ಮಾಡಿದ ನಿಜವಾದ, ಅಳೆದು ತೋರಿಸಿದ ಪರಿಣಾಮ. ಆದರೆ ಹೊಗೆ ಮುಖ್ಯವಾಗಿ ಐದಾರು ಕಿಲೋಮೀಟರಿನ ಕೆಳಗೇ ಉಳಿಯಿತು. ಮೋಡ, ಮಳೆ ಇರುವುದು ಅಲ್ಲೇ, ಹಾಗಾಗಿ ಕೆಲವೇ ದಿನ, ವಾರಗಳಲ್ಲಿ ಅದು ತೊಳೆದುಹೋಗುತ್ತಿತ್ತು. ಏಷ್ಯಾಕ್ಕೆ ಹೇಳಿದ್ದ ವಿಪತ್ತು ಬರಲಿಲ್ಲ. ಅಂದಾಜು ತಪ್ಪಿತೆಂದು ಸೇಗನ್ ಮುಂದೆ ತಮ್ಮ ಪುಸ್ತಕದಲ್ಲಿ ತಾವೇ ಬರೆದರು. ಅದೇ 1991ರ ಜೂನ್ 15ರಂದು ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಒಂದೂವರೆ ಕೋಟಿ ಟನ್ನಿಗೂ ಹೆಚ್ಚು ಗಂಧಕದ ಡೈಆಕ್ಸೈಡನ್ನು ಮಳೆ ಮುಟ್ಟಲಾಗದ ಎತ್ತರಕ್ಕೆ, ಇಪ್ಪತ್ತು ಕಿಲೋಮೀಟರಿಗೂ ಮೇಲೆ, ಎಸೆಯಿತು. ಅದು ಭೂಮಿಯ ಸರಾಸರಿ ಬಿಸಿಯನ್ನು ಒಂದೆರಡು ವರ್ಷ ಸುಮಾರು ಅರ್ಧ ಡಿಗ್ರಿ ತಗ್ಗಿಸಿತು. ಒಂದೇ ವರ್ಷ ಎರಡು ಹೊಗೆ. ಎಷ್ಟು ಎತ್ತರಕ್ಕೆ ಹೋಯಿತು ಎಂಬುದರ ಮೇಲೆ ಒಂದು ಊರಿನ ಹವೆಯಾಯಿತು, ಇನ್ನೊಂದು ಲೋಕದ ಹವೆಯಾಯಿತು. ಕೊಲ್ಲಿಯ ನೀರಿಗೆ ಹರಿಸಿದ ಎಣ್ಣೆಯ ಪಾತ್ರ ಈ ಕಥೆಯಲ್ಲಿ ಇಲ್ಲ. ಉರಿದ ಎಣ್ಣೆಯದು ಮಾತ್ರ.

ಇದನ್ನು ಹಡಗುಗಳ ವಿಚಾರದಲ್ಲೂ ಕಾಣಬಹುದು. ಹಡಗು ಸೋರಿದರೆ ಮೋಡಕ್ಕೆ ಗೊತ್ತಾಗುವುದಿಲ್ಲ, ಹಡಗಿನ ಹೊಗೆ ಮಾತ್ರ ಗೊತ್ತಾಗುತ್ತದೆ. ಗಂಧಕ ತುಂಬಿದ ಇಂಧನ ಉರಿದಾಗ ಬರುವ ಕಣಗಳ ಮೇಲೆ ಮೋಡದ ಸಣ್ಣ ಹನಿಗಳು ಕಟ್ಟುತ್ತವೆ, ಕಡಲ ಮೇಲಿನ ಕೆಳಮೋಡಗಳಲ್ಲಿ ಬಿಳಿ ಗೆರೆ ಎಳೆದಂತೆ ಹಡಗಿನ ದಾರಿ ಉಪಗ್ರಹಕ್ಕೆ ಕಾಣುತ್ತದೆ. 2020ರ ಜನವರಿ 1ರಿಂದ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ನೂರಕ್ಕೆ 3.5ರಿಂದ 0.5ಕ್ಕೆ ಇಳಿಸಿದ ಮೇಲೆ ಇಂಥ ಗೆರೆಗಳು ಕಡಿಮೆಯಾದವು. ನಮ್ಮ ಕಡಲ ಮೇಲೆ ಇದಕ್ಕಿಂತ ದೊಡ್ಡದೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ ಮುಂದಾಳಾಗಿ 1999ರಲ್ಲಿ ನಡೆದ ಇಂಡೋಎಕ್ಸ್ ಎಂಬ ಪ್ರಯೋಗ, ಚಳಿಗಾಲ ಮುಗಿದು ಬೇಸಿಗೆ ಹುಟ್ಟುವ ಹೊತ್ತಿಗೆ ಉಪಖಂಡದ ಹೊಗೆ, ಧೂಳು ಕಂದು ಮಬ್ಬಾಗಿ ಅರಬ್ಬಿ ಸಮುದ್ರದ ಮೇಲೆ ಸಮಭಾಜಕದ ಸಮೀಪದವರೆಗೆ ಹರಡುವುದನ್ನು ಅಳೆಯಿತು. ಕಡಲಿಗೆ ಬೀಳುವ ಬಿಸಿಲನ್ನು ಅದು ತಗ್ಗಿಸುತ್ತದೆ, ಹೀಗಾಗಿ ಆವಿಯನ್ನೂ ತಗ್ಗಿಸುತ್ತದೆ. ನಮ್ಮ ಗ್ರಾಮಸ್ಥರು ಎಣ್ಣೆಯ ಪದರದ ಬಗ್ಗೆ ಕೇಳಿದ ಪ್ರಶ್ನೆಯ ಸರಿಯಾದ ಜಾಗ ಇದು. ಕಡಲನ್ನು ಅಗಲವಾಗಿ ಮುಸುಕುವ ಪದರ ಇರುವುದು ನೀರಿನ ಮೇಲಲ್ಲ, ಗಾಳಿಯಲ್ಲಿ.

ಉರಿಸಿದ ಎಣ್ಣೆಯ ಪ್ರಮಾಣವನ್ನೂ ಒಮ್ಮೆ ನೋಡಬೇಕು. ಲೋಕ ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ಎಣ್ಣೆ ಬಳಸುತ್ತದೆ. ಡೀಪ್‌ವಾಟರ್ ಹೊರೈಜನ್‌ನಲ್ಲಿ ಸುಮಾರು ಮೂರು ತಿಂಗಳು ಸೋರಿದ್ದೆಲ್ಲ ಲೋಕದ ಸುಮಾರು ಎಪ್ಪತ್ತು ನಿಮಿಷದ ಬಳಕೆ. ಒಂದು ಟನ್ ಎಣ್ಣೆ ಉರಿದರೆ ಮೂರು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆ ಅನಿಲ ಹಿಡಿದಿಟ್ಟ ಶಾಖದ ಬಹುಪಾಲನ್ನು ಸಾಗರಗಳು ನುಂಗಿವೆ, ಅರಬ್ಬಿ ಸಮುದ್ರದ ಮೇಲ್ಮೈ ನಾಲ್ಕು ದಶಕಗಳ ಹಿಂದಿನದಕ್ಕಿಂತ ಒಂದು ಡಿಗ್ರಿಗೂ ಹೆಚ್ಚು ಬಿಸಿಯಾಗಿದೆ, ಅಲ್ಲಿ ಏಳುವ ಚಂಡಮಾರುತಗಳ ಸಂಖ್ಯೆ ಹೆಚ್ಚಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಕರಾವಳಿಯವರು ಅದನ್ನು ಕಣ್ಣಾರೆ ಕಂಡರು. ಎಣ್ಣೆ ನಮ್ಮ ಬೇಸಿಗೆಯನ್ನು ಮುಟ್ಟುತ್ತಿರುವುದು ಈ ದಾರಿಯಿಂದ.

ವರ್ಷದಿಂದ ವರ್ಷಕ್ಕೆ ಆಗುವ ಏರುಪೇರಿಗೆ ಇನ್ನೂ ಹತ್ತಿರದ ಕಾರಣಗಳಿವೆ. 2023ರಲ್ಲಿ ಕರ್ನಾಟಕದ ತಾಲ್ಲೂಕುಗಳಲ್ಲಿ ಬಹುಪಾಲು ಬರಪೀಡಿತವೆಂದು ಘೋಷಣೆಯಾದವು, ಆಗಸ್ಟ್ ತಿಂಗಳು 1901ರ ನಂತರದ ಅತಿ ಒಣ ಆಗಸ್ಟ್ ಆಯಿತು, ಮಂಡ್ಯದಲ್ಲಿ ಕಾವೇರಿ ನೀರಿಗಾಗಿ ದಿನಗಟ್ಟಲೆ ಧರಣಿ ನಡೆಯಿತು. ಆ ವರ್ಷ ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಇತ್ತು, ಲಕ್ಷಾಂತರ ಚದರ ಕಿಲೋಮೀಟರ್ ನೀರು ವಾಡಿಕೆಗಿಂತ ಬೆಚ್ಚಗಾಗಿ ತಿಂಗಳುಗಟ್ಟಲೆ ಹಾಗೇ ಇತ್ತು. ಹವೆಯನ್ನು ಬದಲಿಸಬೇಕಾದರೆ ಕಡಲಿನಲ್ಲಿ ಅಷ್ಟು ಹರವು, ಅಷ್ಟು ಕಾಲ ಬೇಕು. ಹಿಂದೂ ಮಹಾಸಾಗರದ ಪಡುವಣ ಭಾಗ ಬೆಚ್ಚಗಾಗಿ ಮೂಡಣ ಭಾಗ ತಂಪಾಗುವ ದ್ವಿಧ್ರುವ ಎಂಬ ಏರ್ಪಾಡೂ ಹಾಗೆಯೇ. 2019ರಲ್ಲಿ ಅದು ಬಲವಾಗಿತ್ತು, ಆ ವರ್ಷ ಕರ್ನಾಟಕ ಪ್ರವಾಹ ಕಂಡಿತು.

ಎಣ್ಣೆ ಸೋರಿದ ಹಾನಿ ಇಲ್ಲದ್ದಲ್ಲ, ಅದು ಬೀಳುವುದು ಬೇರೆಯವರ ಮೇಲೆ. ಎಲ್ಸಾ ಮುಳುಗಿದ ಮೇಲೆ ಕೇರಳ ಸರ್ಕಾರ ಅದನ್ನು ರಾಜ್ಯದ ವಿಪತ್ತೆಂದು ಘೋಷಿಸಿತು, 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ಮೀನುಗಾರರು ದಿನಗಟ್ಟಲೆ ದೋಣಿ ಇಳಿಸಲಿಲ್ಲ, ಮೀನು ಕೊಳ್ಳುವವರು ಹೆದರಿದರು, ಕಂಟೇನರಿನಿಂದ ಚೆಲ್ಲಿದ ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದವರೆಗಿನ ಮರಳಿಗೆ ಸೇರಿದವು. ಇವನ್ನೆಲ್ಲ ಬಿಟ್ಟು ಮಳೆಯ ಹೆಸರಿನಲ್ಲಿ ಗಾಬರಿಪಟ್ಟರೆ, ನಿಜವಾಗಿ ನಷ್ಟವಾದವರ ಮಾತು ಹಿಂದಾಗುತ್ತದೆ. ನನಗೆ ಬೇಸರವಾಗುವುದು ಇಲ್ಲೇ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಹಡಗೊಂದು ಮುಳುಗಿ ಇಂಥ ಮಾತು ಎದ್ದರೆ ನೋಡಬೇಕಾದ ಕಡೆಗಳು ಇವು. ಎಣ್ಣೆ ಎತ್ತ ಹೋಗುತ್ತದೆಂದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಗಾಳಿ, ಪ್ರವಾಹಗಳ ಲೆಕ್ಕ ಹಾಕಿ ಸೂಚನೆ ಕೊಡುತ್ತದೆ. ಅದು ಕರಾವಳಿಯವರಿಗೆ ಬೇಕಾದದ್ದು. ಬಿತ್ತನೆಗೆ ಬೇಕಾದದ್ದು ಹವಾಮಾನ ಇಲಾಖೆ ಏಪ್ರಿಲ್ ನಡುವಿನಲ್ಲಿಯೂ ಮೇ ಕೊನೆಯಲ್ಲಿಯೂ ಹೊರಡಿಸುವ ಮುಂಗಾರಿನ ಮುನ್ನೋಟ, ಅದರಲ್ಲಿ ಎಲ್ ನಿನೊ ಮತ್ತು ಹಿಂದೂ ಮಹಾಸಾಗರದ ಸ್ಥಿತಿಯ ಬಗ್ಗೆ ಇರುವ ಸಾಲುಗಳು. ದಿನದ ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ. ಆ ಕೇಂದ್ರ ಗ್ರಾಮ ಪಂಚಾಯ್ತಿಗಳಲ್ಲಿ ತಾನಾಗಿ ಅಳೆಯುವ ಮಳೆಮಾಪಕಗಳನ್ನು ಇಟ್ಟಿರುವುದರಿಂದ ಮಳವಳ್ಳಿಯ ಲೆಕ್ಕವನ್ನು ಬೆಳಕವಾಡಿಗೆ ಅಂಟಿಸಬೇಕಾಗಿಲ್ಲ. ಮಂಗಳವಾರ, ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆ ಮೇಘದೂತ್ ಆ್ಯಪಿನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಹೊಲದಲ್ಲಿ ಇರುವವರು ದಾಮಿನಿ ಆ್ಯಪನ್ನೂ ಇಟ್ಟುಕೊಳ್ಳಬೇಕು. ಸಿಡಿಲು ಎಲ್ಲಿ ಬಡಿಯುತ್ತಿದೆ, ನಮ್ಮ ಕಡೆ ಬರುತ್ತಿದೆಯೇ ಎಂದು ಅದು ತೋರಿಸುತ್ತದೆ. ಬೇಸಿಗೆ ಮಳೆಯಲ್ಲಿ ನಮ್ಮವರ ಜೀವ ತೆಗೆಯುವುದು ಆ ಸಿಡಿಲೇ.